ಬಲಗೈ ಬಳಕೆಯ ಕೈಪಿಡಿ

ಲಕ್ವಾ ಹೊಡೆದ ಬಲಗೈಯೊಂದಿಗೆ ದವಾಖಾನೆಯಿಂದ ಮನೆಗೆ ಮರಳಿದ ಹುಬ್ಬಳ್ಳಿ-ಧಾರವಾಡದ ಗ್ರಾಹಕರಿಗೆ ಸ್ವಾಗತ. ಪೆಟ್ಟಿಗೆಯಲ್ಲಿ ಇರುವವು: ಕೈ ಒಂದು, ಮಿದುಳು ಒಂದು, ಬೀಗರ ಸಲಹೆಗಳು ಬೇಕಾದಷ್ಟು. ಮಾಲು ವಾಪಸ್ ತಗೊಳ್ಳುವುದಿಲ್ಲ.

ಹೆಚ್ಚುವರಿ ಬಿಡಿಭಾಗಗಳು: ಬೆರಳು ಬಿಚ್ಚಿ ಮಡಿಸುವ ಮೋಟಾರು ಕೈಗವಸು, ಮಿದುಳಿಗೆ ಕಾಂತದ ಮಿಡಿತ ಕೊಡುವ ಯಂತ್ರ, ಕತ್ತಿನ ವೇಗಸ್ ನರಕ್ಕೆ ಕರೆಂಟು ಕೊಡುವ ಸಾಧನ. ಕೊನೆಯದಕ್ಕೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಎದೆಯ ಚರ್ಮದಡಿ ಕೂಡಿಸುತ್ತಾರೆ. ಕೊಳ್ಳುವ ಮುನ್ನ ಸಣ್ಣಕ್ಷರ ಓದಿ. ಇವು ಯಾವುವೂ ವ್ಯಾಯಾಮ ತಪ್ಪಿಸುವುದಿಲ್ಲ, ಅದರ ಜೊತೆಗೇ ಕೆಲಸ ಮಾಡುತ್ತವೆ.

ಬಡವರ ಮಾದರಿ ಕನ್ನಡಿ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ, ಕತ್ತರಿಸಿಹೋದ ಕೈಯಲ್ಲೂ ನೋವು ಕಾಡುವವರಿಗಾಗಿ ಇದನ್ನು ಹೂಡಿದರು. 1999ರ ಹೊತ್ತಿಗೆ ಲಕ್ವಾದವರ ಮೇಲೂ ಪ್ರಯೋಗವಾಯಿತು. ಮೇಜಿನ ಮೇಲೆ ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ಬಲಗೈ ಅದರ ಹಿಂದೆ ಮರೆಯಾಗಲಿ. ಎಡಗೈ ಮುಷ್ಟಿ ಕಟ್ಟಿ ಬಿಡಿ. ಕನ್ನಡಿಯಲ್ಲಿ ಬಲಗೈ ಆಡಿದಂತೆ ಕಾಣುತ್ತದೆ. ಎಡಗೈಯ ಉಂಗುರ, ವಾಚು ತೆಗೆದಿಡಿ. ಇಲ್ಲವಾದರೆ ಮಿದುಳಿಗೆ ಕಳ್ಳಾಟ ಗೊತ್ತಾಗುತ್ತದೆ.

ದೋಷ: ಕೈ ಸ್ವಲ್ಪ ಏಳುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಮೊದಲು ಮನೆಯವರನ್ನು ಪರೀಕ್ಷಿಸಿ. “ನೀವು ಸುಮ್ನ ಕೂಡ್ರಿ, ನಾ ತಿನಸ್ತೀನಿ” ಎಂಬ ಸದ್ದು ಕೇಳಿದರೆ ದೋಷ ಅಲ್ಲೇ ಇದೆ. ಬಳಸದೆ ಬಿಟ್ಟ ಕೈಯನ್ನು ಮಿದುಳು ಮರೆಯುವುದನ್ನೇ ಕಲಿಯುತ್ತದೆ ಎಂದು ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಮಂಗಗಳಲ್ಲಿ ಕಂಡುಕೊಂಡರು. ಅವರ ಮದ್ದು ವಿಚಿತ್ರ: ನೆಟ್ಟಗಿರುವ ಕೈಗೇ ಗವಸು ಹಾಕಿ ಕಟ್ಟಿಹಾಕು. ಅಮೆರಿಕದಲ್ಲಿ 222 ಜನರಲ್ಲಿ ಒಂದು ಗುಂಪಿಗೆ ಎರಡು ವಾರ ಹಾಗೆ ಮಾಡಿದ ಪ್ರಯೋಗದ ಫಲಿತಾಂಶ 2006ರಲ್ಲಿ ಹೊರಬಂತು. ಗವಸು ತೊಟ್ಟು ದುಡಿದವರ ಕೈ ಉಳಿದವರದ್ದಕ್ಕಿಂತ ಹೆಚ್ಚು ಸುಧಾರಿಸಿತ್ತು. ಎಚ್ಚರಿಕೆ: ಮಣಿಕಟ್ಟು, ಬೆರಳು ಚೂರಾದರೂ ಬಿಚ್ಚಬಲ್ಲವರಿಗೆ ಮಾತ್ರ. ಒಲೆಯ ಹತ್ತಿರ, ಮೆಟ್ಟಿಲಲ್ಲಿ ಗವಸು ಬೇಡ.

ಆಮೇಲೆ ಒಂದು ಬಟ್ಟಲು ಶೇಂಗಾ ಮುಂದಿಡಿ. ಬಲಗೈಯ ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಸಿಪ್ಪೆ ಒಡೆಯಬೇಕು. ಬೀಜ ಸೋಫಾ ಕೆಳಗೆ ಹಾರಿದರೆ ಹೆಕ್ಕುವುದು ಮನೆಯವರ ಪಾಲು, ಒಡೆದು ಕೊಡುವುದಲ್ಲ.

ಸರ್ವಿಸ್ ಸೆಂಟರು: ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಸತ್ತೂರಿನ ಎಸ್‌ಡಿಎಂ ದವಾಖಾನೆಗಳು. ಹೋಗಿಬರಲು ಅವಳಿನಗರದ ಚಿಗರಿ ಬಸ್ಸು ಹಿಡಿದರೆ ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಪ್ಲಾಟ್‌ಫಾರ್ಮಿನಿಂದ ನೇರ ಒಳಗೆ. ನಿಲ್ದಾಣ ಮಾತ್ರ ರಸ್ತೆಯ ನಟ್ಟನಡುವೆ. ಅಲ್ಲಿಗೆ ದಾಟುವುದು ಯಾವ ಫಿಸಿಯೋಥೆರಪಿಸ್ಟೂ ಬರೆದುಕೊಡದ ವ್ಯಾಯಾಮ. ಟಿಕೆಟಿನ ರೊಕ್ಕ ಬಲಗೈಯಿಂದಲೇ ಕೊಡಿ. ಪಾಳಿಯಲ್ಲಿ ಹಿಂದೆ ನಿಂತವರು ಗೊಣಗಿದರೆ ಗೊಣಗಲಿ.