ಸ್ವಲ್ಪ ಪವರ್ ಇರೋದು ಕೊಡಿ

ನೆಗಡಿ ಅಂತ ಹೋದವರಿಗೆ ಬಿಸಿನೀರು ಕುಡಿಯಿರಿ, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ಮೈ ಬಿಸಿಯಾದರೆ ಒಂದು ಪ್ಯಾರಸಿಟಮಾಲ್ ತಗೊಳ್ಳಿ ಎಂದು ಹೇಳಿ ಕಳಿಸುವ ಡಾಕ್ಟರಿಗೆ ನಮ್ಮಲ್ಲಿ ಭವಿಷ್ಯವಿಲ್ಲ. “ಮುನ್ನೂರು ರೂಪಾಯಿ ಫೀಸು ತಗೊಂಡು ಬಿಸಿನೀರು ಕುಡೀರಿ ಅಂದ್ರು ಕಣ್ರೀ, ಅದನ್ನ ನಮ್ಮತ್ತೆ ಬಿಟ್ಟಿಯಾಗೇ ಹೇಳ್ತಿದ್ರು” ಎಂಬ ಮಾತು ಬೀದಿಯ ತುದಿ ಮುಟ್ಟುವಷ್ಟರಲ್ಲಿ ಅವರ ಕ್ಲಿನಿಕ್ಕಿನ ಬೆಂಚು ಖಾಲಿ. ಎದುರುಗಡೆ ಕ್ಲಿನಿಕ್ಕಿನವರು ನೋಡಿ, ಕೂತ ಕೂಡಲೇ ಅಜಿತ್ರೊಮೈಸಿನ್ ಐನೂರು ಬರೆದುಕೊಟ್ಟರು. ಏನು ಕೈಗುಣ! ನೆಗಡಿ, ಗಂಟಲು ಕೆರೆತಗಳಲ್ಲಿ ಬಹುಪಾಲು ವೈರಸ್ಸಿನವು. ಅವಕ್ಕೂ ಆ್ಯಂಟಿಬಯಾಟಿಕ್ಕಿಗೂ ಮುಖಪರಿಚಯವೇ ಇಲ್ಲ. ವೈರಸ್ಸು ತನ್ನ ಪಾಡಿಗೆ ತಾನು ಗಂಟುಮೂಟೆ ಕಟ್ಟುವ ಹೊತ್ತಿಗೆ ಮಾತ್ರೆಯೂ ಮುಗಿದಿರುತ್ತದೆ, ಕೀರ್ತಿ ಮಾತ್ರೆಗೆ ಹೋಗುತ್ತದೆ.

ಈಗೀಗ ಡಾಕ್ಟರ ತನಕ ಹೋಗುವುದೂ ದಂಡ. ಮೆಡಿಕಲ್ ಶಾಪಿನ ಕೌಂಟರಿಗೆ ಮೊಣಕೈ ಊರಿ “ಗಂಟಲು ಹಿಡ್ಕೊಂಡಿದೆ, ಸ್ವಲ್ಪ ಪವರ್ ಇರೋದು ಕೊಡಿ” ಅಂದರಾಯಿತು. “ಜ್ವರ ಇದೆಯಾ ಅಣ್ಣ?” ಎಂಬ ಒಂದೇ ಪ್ರಶ್ನೆಯಲ್ಲಿ ತಪಾಸಣೆ ಸಂಪನ್ನ. ಐದರ ಪಟ್ಟಿಯಲ್ಲಿ ಎರಡು ಸಾಕು ಅಂದರೆ ಕತ್ತರಿ ಆಡುತ್ತದೆ. ಆ ಕತ್ತರಿಯ ನ್ಯಾಯ ನೋಡುವಂಥದ್ದು: ಎಕ್ಸ್‌ಪೈರಿ ತಾರೀಕು ಅಂಗಡಿಯ ಪಾಲಿಗೆ, ಅರ್ಧ ಹೆಸರು ಗಿರಾಕಿಯ ಪಾಲಿಗೆ, ಪಟ್ಟಿಯ ಉದ್ದಕ್ಕೂ ಎಳೆದ ಕೆಂಪು ಗೆರೆ ಇಬ್ಬರಿಗೂ ಸಮಪಾಲು. ಡಾಕ್ಟರ ಚೀಟಿಯಿಲ್ಲದೆ ನುಂಗಬೇಡಿ ಎಂಬುದು ಆ ಗೆರೆಯ ಅರ್ಥ ಅಂತ ತಿಳಿಸಲು ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೇ ಮಾಡಿತು. ಜನ ಅದನ್ನು ಡಿಸೈನ್ ಅಂದುಕೊಂಡರು. ಸೆಫಿಕ್ಸಿಮ್‌ನಂಥ ಮಾತ್ರೆಗಳಿಗಂತೂ 2014ರಿಂದ ಇನ್ನೂ ಬಿಗಿ. ಬರೆದವರು ಯಾರು, ಕೊಂಡವರು ಯಾರು ಎಂದು ಬೇರೆ ರಿಜಿಸ್ಟರಿನಲ್ಲಿ ನಮೂದಿಸಿ ಮೂರು ವರ್ಷ ಜೋಪಾನ ಮಾಡಬೇಕು. ರಿಜಿಸ್ಟರು ಹೊಚ್ಚ ಹೊಸದಾಗಿಯೇ ಇದೆ. ಬರೆದರೆ ತಾನೆ ಹಾಳೆ ಸವೆಯುವುದು!

ಶ್ರದ್ಧೆಯಿಂದ ಪಾಠ ಕಲಿಯುತ್ತಿರುವವರು ನಮ್ಮ ಬಾಯೊಳಗಿನ ಬ್ಯಾಕ್ಟೀರಿಯಾಗಳು ಮಾತ್ರ. ಬೆಲ್ಜಿಯಂನಲ್ಲಿ ಆರೋಗ್ಯವಾಗಿದ್ದ 224 ಮಂದಿಯನ್ನು ಸೇರಿಸಿ, ಕೆಲವರಿಗೆ ಮೂರು ದಿನ ಅದೇ ಅಜಿತ್ರೊಮೈಸಿನ್ ನುಂಗಿಸಿ ನೋಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಾತ್ರೆಗೆ ಜಗ್ಗದ ಸ್ಟ್ರೆಪ್ಟೊಕಾಕಸ್‌ಗಳ ದಂಡು ಆರು ತಿಂಗಳು ಕಳೆದರೂ ಕರಗಿರಲಿಲ್ಲ. ನುಂಗಿದವರು ಮರೆತರೂ ಬ್ಯಾಕ್ಟೀರಿಯಾಗಳು ಮರೆಯಲಿಲ್ಲ. ಅವುಗಳ ಉಪಾಯವೂ ಸರಳ. ಬ್ಯಾಕ್ಟೀರಿಯಾದ ರೈಬೊಸೋಮಿನಲ್ಲಿ ಈ ಔಷಧ ಬಂದು ಕೂರಬೇಕಾದ ಒಂದು ಜಾಗವಿದೆ. ಅಲ್ಲಿ ಕೂತರೆ ಪ್ರೋಟೀನ್ ತಯಾರಿಕೆ ಬಂದ್. ಚಾಲಾಕಿ ಬ್ಯಾಕ್ಟೀರಿಯಾ ಆ ಜಾಗಕ್ಕೆ ಒಂದು ಮೀಥೈಲ್ ಗುಂಪನ್ನು ಅಂಟಿಸಿಬಿಡುತ್ತದೆ, ಕೆಂಪು ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗೆ. ಈ ವಿದ್ಯೆಯ ಜೀನನ್ನು ಪಕ್ಕದವರಿಗೆ ದಾಟಿಸುವುದರಲ್ಲೂ ಅವಕ್ಕೆ ಜಿಪುಣತನವಿಲ್ಲ. ನ್ಯುಮೋನಿಯಾ ತರುವ ನ್ಯುಮೊಕಾಕಸ್‌ ಕೂಡ ಫಲಾನುಭವಿ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ನಮ್ಮ ಗಿರಾಕಿಯನ್ನು 1945ರಲ್ಲೇ ಕಂಡಿದ್ದರು. ನೊಬೆಲ್ ಉಪನ್ಯಾಸದಲ್ಲಿ ಅವರು ಒಬ್ಬ ಕಾಲ್ಪನಿಕ ಆಸಾಮಿಯ ಕಥೆ ಹೇಳಿದರು. ಅವನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು, ರೋಗಾಣು ಸಾಯುವಷ್ಟಲ್ಲದಿದ್ದರೂ ಪಾಠ ಕಲಿಯುವಷ್ಟು ನುಂಗುತ್ತಾನೆ. ಕಲಿತ ರೋಗಾಣು ಹೆಂಡತಿಗೆ ಅಂಟಿ, ಔಷಧ ನಾಟದೆ ಆಕೆ ಸಾಯುತ್ತಾಳೆ. ಸ್ಟಾಕ್‌ಹೋಮಿನಲ್ಲಿ ನಿಂತು ನಮ್ಮ ಮೂರನೇ ಕ್ರಾಸಿನ ಮನುಷ್ಯನನ್ನು ಇಷ್ಟು ಕರಾರುವಾಕ್ಕಾಗಿ ಗುರುತಿಸಿದ್ದು ಸಾಮಾನ್ಯ ಸಾಧನೆಯಲ್ಲ.

ಅವರ ಲೆಕ್ಕ ತಪ್ಪಿದ್ದು ಒಂದೇ ಕಡೆ. ಗಂಟಲಲ್ಲಿ ಕೀವು ತುಂಬಿಸಿ, ಸುಮ್ಮನೆ ಬಿಟ್ಟರೆ ಮಕ್ಕಳ ಹೃದಯದ ಕವಾಟಕ್ಕೇ ಕೈಹಾಕಬಲ್ಲ ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್ ಎಂಬ ಬ್ಯಾಕ್ಟೀರಿಯಾ ಅಜಿತ್ರೊಮೈಸಿನ್ನಿಗೆ ಎಷ್ಟೋ ಕಡೆ ಕ್ಯಾರೇ ಅನ್ನುವುದಿಲ್ಲ. ಪೆನಿಸಿಲಿನ್ನಿಗೆ ಮಾತ್ರ, ಎಂಬತ್ತು ವರ್ಷವಾದರೂ, ತೆಪ್ಪಗೆ ಸಾಯುತ್ತದೆ. ನಿಜವಾಗಿ ಆ್ಯಂಟಿಬಯಾಟಿಕ್ ಬೇಕಾದ ಇಂಥ ಗಂಟಲಿಗೆ ಯಾರಾದರೂ ಡಾಕ್ಟರು ಧೈರ್ಯ ಮಾಡಿ ಹತ್ತು ದಿನಕ್ಕೆ ಪೆನಿಸಿಲಿನ್ ಬರೆದರು ಅನ್ನಿ. “ಪೆನಿಸಿಲಿನ್ನಾ? ಅದು ನಮ್ಮಜ್ಜಿ ಕಾಲದ್ದು! ಹತ್ತು ದಿನ ಬೇರೆ ನುಂಗಬೇಕಂತೆ, ಹೀಟ್ ಆಗಲ್ವಾ?” ನಾಲ್ಕನೇ ದಿನ ಗಂಟಲು ಸರಿಹೋಗುತ್ತದೆ. ಉಳಿದ ಮಾತ್ರೆಗಳು ಫ್ರಿಜ್ ಮೇಲಿನ ಹಳೇ ಸ್ವೀಟ್ ಬಾಕ್ಸಿಗೆ. ಮುಂದಿನ ತಿಂಗಳು ಪಕ್ಕದ ಮನೆ ಮಗುವಿಗೆ ನೆಗಡಿಯಾದಾಗ ಬೇಕಾಗುತ್ತಲ್ಲ.