ಆಮದಿಗೆ ಆರತಿ, ರಫ್ತಿಗೆ ರಗಳೆ

ಯಾವುದಾದರೂ ಇಮೇಲ್ ತಂತ್ರಾಂಶವನ್ನು ಹೊಸದಾಗಿ ಹಾಕಿಕೊಂಡು ನೋಡಿ. ಕೂತ ತಕ್ಷಣ ನಿಮ್ಮ ಹಳೆಯ ಪತ್ರಗಳ ಯೋಗಕ್ಷೇಮ ವಿಚಾರಿಸುತ್ತದೆ. ಎಲ್ಲಿವೆ, ಎಷ್ಟಿವೆ, ವಿಳಾಸಗಳೂ ಇವೆಯೇ, ನೀವು ಏಳಬೇಡಿ, ನಾವೇ ಹೊತ್ತು ತರುತ್ತೇವೆ! ಅದನ್ನು ಬಿಟ್ಟು ಹೊರಡುವ ದಿನ ‘ರಫ್ತು’ ಎಂಬ ಗುಂಡಿ ಹುಡುಕಿ. ಮೆನುವಿನೊಳಗಿನ ಮೆನುವಿನ ತಳದಲ್ಲಿ ಸಿಕ್ಕರೆ ನಿಮ್ಮ ಪುಣ್ಯ. ಬೆಂಗಳೂರಿನ ಮನೆ ಓನರ್‌ಗಳು ಹತ್ತು ತಿಂಗಳ ಅಡ್ವಾನ್ಸ್ ಇಸಿದುಕೊಳ್ಳುವಾಗ ಕಾಫಿ ಕೊಟ್ಟು, ವಾಪಸ್ ಕೇಳಿದಾಗ ಗೋಡೆಯ ಮೊಳೆ ಎಣಿಸುತ್ತಾರಲ್ಲ, ಆ ವಿದ್ಯೆಯನ್ನು ಅವರು ಸಾಫ್ಟ್‌ವೇರ್ ಬಾಡಿಗೆದಾರರಿಂದಲೇ ಕಲಿತಿರಬೇಕು.

ದೊಡ್ಡ ಮನೆತನದಿಂದಲೇ ಶುರು ಮಾಡೋಣ. 1997ರ ಔಟ್‌ಲುಕ್ ನಿಮ್ಮ ಪತ್ರಗಳನ್ನೆಲ್ಲ ಪಿಎಸ್‌ಟಿ ಎಂಬ ಕಡತದಲ್ಲಿ ತುಂಬಿಡುತ್ತಿತ್ತು. ಆ ಕಡತದ ಒಳರಚನೆ ಹೇಗಿದೆಯೆಂದು ಮೈಕ್ರೋಸಾಫ್ಟ್ ಲೋಕಕ್ಕೆ ತಿಳಿಸಿದ್ದು 2010ರಲ್ಲಿ. ಅಷ್ಟೂ ವರ್ಷ ಪತ್ರ ನಿಮ್ಮದು, ಬೀಗದ ಕೈ ಅವರದು. ಇದರ ಸಹವಾಸ ಸಾಕೆಂದು ಥಂಡರ್‌ಬರ್ಡ್ ಕಡೆ ಹೊರಟವರಿಗೆ ಬಹುಕಾಲ ಒಂದು ಷರತ್ತಿತ್ತು: ಅದೇ ಕಂಪ್ಯೂಟರಿನಲ್ಲಿ ಔಟ್‌ಲುಕ್ ಇರಬೇಕು. ಔಟ್‌ಲುಕ್ ಬಿಡಲು ಔಟ್‌ಲುಕ್ ಕೊಳ್ಳಿ!

2002ರ ಆವೃತ್ತಿಯವರೆಗೆ ಪಿಎಸ್‌ಟಿಗೆ 2 ಜಿಬಿಯ ಮಿತಿಯೂ ಇತ್ತು. ಗಡಿ ದಾಟಿತೋ, ಕಡತ ತೆರೆಯುವುದೇ ಇಲ್ಲ. ಇದಕ್ಕೆ ಕಂಪನಿಯೇ ಒಂದು ಮದ್ದು ಕೊಟ್ಟಿತ್ತು: ಕಡತವನ್ನು ಕತ್ತರಿಸುವ ಸಾಧನ. ಎಷ್ಟು ಎಂಬಿ ಕತ್ತರಿಸಬೇಕೆಂದು ನೀವೇ ಹೇಳಬೇಕು. ಅದರೊಂದಿಗೆ ಯಾವ ಪತ್ರಗಳು ಹೋಗುತ್ತವೆ ಎಂಬುದನ್ನು ಅದು ಹೇಳುತ್ತಿರಲಿಲ್ಲ.

ಹೊರಗಿನವರಿಗಷ್ಟೇ ಈ ಉಪಚಾರ ಎಂದುಕೊಳ್ಳಬೇಡಿ, ಮನೆಯವರಿಗೂ ಇದೇ. ಔಟ್‌ಲುಕ್ ಎಕ್ಸ್‌ಪ್ರೆಸ್ಸಿನ ಡಿಬಿಎಕ್ಸ್ ಕಡತ, ವಿಸ್ತಾ ಬಂದಾಗ ವಿಂಡೋಸ್ ಮೇಲ್‌ನ ಇಎಂಎಲ್ ಆಯಿತು. ಆಮೇಲೆ ವಿಂಡೋಸ್ ಲೈವ್ ಮೇಲ್. ಅದಕ್ಕೆ 2017ರಲ್ಲಿ ಎಳ್ಳುನೀರು. ಮೇಲ್ ಆ್ಯಪ್ ಬಂತು, 2024ರ ಡಿಸೆಂಬರ್ 31ಕ್ಕೆ ಅದರ ಆಯುಷ್ಯವೂ ತೀರಿತು. ಈಗ ‘ಹೊಸ ಔಟ್‌ಲುಕ್’ಗೆ ಬನ್ನಿ ಎಂಬ ಕರೆ. ಆ ಹೊಸದೋ, ಬಂದ ಹೊಸತರಲ್ಲಿ ತನ್ನದೇ ವಂಶದ ಪಿಎಸ್‌ಟಿಯ ಗುರುತೇ ಹಿಡಿಯಲಿಲ್ಲ.

ಈ ಪುರಾಣದಲ್ಲಿ ನನಗೆ ಹೆಚ್ಚು ಪ್ರಿಯವಾದ ಅಧ್ಯಾಯ ಯೂಡೋರಾ. 1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀವ್ ಡಾರ್ನರ್ ಬರೆದ ತಂತ್ರಾಂಶ. ಅಮೆರಿಕದ ಲೇಖಕಿ ಯೂಡೋರಾ ವೆಲ್ಟಿಯ ಹೆಸರನ್ನು ಅದಕ್ಕಿಟ್ಟರು. ಕಾರಣ, 1941ರ ಆಕೆಯ ಕತೆ ‘ವೈ ಐ ಲಿವ್ ಅಟ್ ದಿ ಪಿ.ಓ.’ ಅದರ ನಾಯಕಿ ಮನೆಯವರೊಂದಿಗೆ ಜಗಳವಾಡಿ, ಫ್ಯಾನು, ರೇಡಿಯೋ, ಕುಂಡದ ಗಿಡ, ತನ್ನದೆನ್ನಬಹುದಾದ ಸಮಸ್ತವನ್ನೂ ಕಿತ್ತುಕೊಂಡು ಊರ ಪೋಸ್ಟಾಫೀಸಿನಲ್ಲೇ ಬಿಡಾರ ಹೂಡುತ್ತಾಳೆ. ಸಾಮಾನು ಸಾಗಣೆಯಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಆಕೆಯ ನೆನಪಿನ ತಂತ್ರಾಂಶದ್ದು ಮಾತ್ರ ತದ್ವಿರುದ್ಧ ಜಾಯಮಾನ. ಬಂದ ಪತ್ರದ ಜೊತೆಗಿನ ಚಿತ್ರ, ದಾಖಲೆಗಳನ್ನು ಅದು ಕಿತ್ತು ಬೇರೊಂದು ಫೋಲ್ಡರಿಗೆ ಹಾಕಿ, ಪತ್ರದಲ್ಲಿ ‘ಇಂಥಲ್ಲಿ ಇಟ್ಟಿದ್ದೇನೆ’ ಎಂಬ ಒಂದು ಸಾಲು ಬರೆದಿಡುತ್ತಿತ್ತು. 2006ರಲ್ಲಿ ಯೂಡೋರಾದ ಆಗಿನ ಒಡೆಯ ಕ್ವಾಲ್‌ಕಾಮ್ ಕಂಪನಿ ಅದರ ಅಂಗಡಿ ಮುಚ್ಚುವುದಾಗಿ ಸಾರಿದಾಗ ಬಳಕೆದಾರರು ಪತ್ರಗಳನ್ನು ಎತ್ತಿಕೊಂಡು ಬೇರೆಡೆ ಹೊರಟರು. ಎಷ್ಟೋ ಜನರ ಪಾಲಿಗೆ ಹೊಸ ಮನೆ ತಲುಪಿದ್ದು ಆ ಸಾಲು ಮಾತ್ರ. ಮದುವೆಯ ಫೋಟೋ ಇಂಥ ಡ್ರೈವಿನಲ್ಲಿದೆ ಎಂಬ ಖಚಿತ ಮಾಹಿತಿ ಕೈಯಲ್ಲಿದೆ, ಆ ಡ್ರೈವೇ ಗುಜರಿಗೆ ಹೋಗಿದೆ.

ಹಾಗಾದರೆ ಯಾರ ಹಂಗೂ ಇಲ್ಲದ ಮುಕ್ತ ಮಾದರಿ ಇಲ್ಲವೇ? ಇದೆಯಲ್ಲ, ಎಂಬಾಕ್ಸ್. ಯುನಿಕ್ಸ್ ಕಾಲದ ಈ ಹಿರಿಯರಿಗೆ ಒಂದು ಪತ್ರ ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಯುವುದು ಸಾಲಿನ ಮೊದಲಲ್ಲಿ ಇಂಗ್ಲಿಷಿನ ‘ಫ್ರಮ್’ ಕಂಡಾಗ. ನಿಮ್ಮ ಬಾಸು ‘ಫ್ರಮ್ ಮಂಡೇ’ ಎಂದು ಹೊಸ ಸಾಲು ಆರಂಭಿಸಿದರೆ ಪತ್ರ ಅಲ್ಲಿಗೇ ಎರಡು ಹೋಳಾಗುವ ಅಪಾಯ. ಪರಿಹಾರವಾಗಿ ಆ ಪದದ ಮುಂದೆ ಒಂದು ಬಾಣದ ಗುರುತು ಹಾಕಿದರು. ಓದುವಾಗ ಬಾಣ ತೆಗೆಯಬೇಕೋ ಬೇಡವೋ, ಬಾಣವೇ ಬೇಡ, ಪತ್ರದ ಉದ್ದ ಬರೆದಿಟ್ಟರೆ ಸಾಲದೇ ಎಂದು ವಾದವಾಗಿ ಎಂಬಾಕ್ಸ್ ನಾಲ್ಕು ಪಂಗಡವಾಯಿತು. ಮಠ ಕಟ್ಟಿಕೊಂಡಿಲ್ಲ ಅಷ್ಟೇ.

ಕನ್ನಡದವರ ಪಾಡು ಇನ್ನೊಂದು ತೂಕ. ಯುನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹಗಳ ಫಾಂಟಿನಲ್ಲಿ ಬರೆದದ್ದೆಲ್ಲ ಕಂಪ್ಯೂಟರಿನ ಲೆಕ್ಕದಲ್ಲಿ ರೋಮನ್ ಅಕ್ಷರವೇ. ಕನ್ನಡವೆಂಬುದು ಮೇಲೆ ಹೊದಿಸಿದ ಶಾಲು. ಪತ್ರ ಸಾಗಿಸುವಾಗ ಫಾಂಟಿನ ಮಾಹಿತಿ ಕಳಚಿದರೆ ಶಾಲು ಜಾರುತ್ತದೆ. ನುಡಿಯ ‘ನ’ ಇದ್ದಲ್ಲೆಲ್ಲ ಬ್ರಿಟಿಷ್ ಪೌಂಡಿನ ಚಿಹ್ನೆ ಎದ್ದು ನಿಲ್ಲುತ್ತದೆ. ಡಾಲರು ಹುಡುಕಿಕೊಂಡು ಹೋದ ಮಗನಿಗೆ ಅಪ್ಪ ಬರೆದ ಕ್ಷೇಮ ಸಮಾಚಾರದ ತುಂಬ ಪೌಂಡುಗಳೇ!

ಜಿಮೇಲ್ ಇವರಿಗಿಂತ ಸಭ್ಯ. 2013ರಿಂದ ಟೇಕ್‌ಔಟ್ ಎಂಬ ಹೆಸರಿನಲ್ಲಿ ನಿಮ್ಮ ಪತ್ರಗಳನ್ನೆಲ್ಲ ಎಂಬಾಕ್ಸ್ ಗಂಟು ಕಟ್ಟಿ ಕೊಡುತ್ತದೆ. ಅದೇ ಗಂಟನ್ನು ತಿರುಗಿ ಜಿಮೇಲ್‌ಗೆ ಹಾಕಲು ಹೋಗಿ, ಬಾಗಿಲೇ ಇಲ್ಲ. ಗಂಟು ಬೇಡ, ಐಮ್ಯಾಪ್ ಮೂಲಕ ನೇರವಾಗಿ ಎಳೆದುಕೊಳ್ಳುತ್ತೇನೆಂದರೆ ಅದರದು ಬೇರೆ ಧಾರಾಳತನ: ಒಂದು ಪತ್ರಕ್ಕೆ ಮೂರು ಲೇಬಲ್ ಅಂಟಿಸಿದ್ದರೆ ಮೂರು ಫೋಲ್ಡರಿನಲ್ಲೂ ಅದು ಪ್ರತ್ಯಕ್ಷ, ‘ಆಲ್ ಮೇಲ್’ನಲ್ಲಿ ನಾಲ್ಕನೆಯದು. ಬ್ಯಾಂಕಿನವರು ಒಮ್ಮೆ ಕೋರಿದ ದೀಪಾವಳಿ ಶುಭಾಶಯ ನಾಲ್ಕು ಬಾರಿ.

ಇಷ್ಟೆಲ್ಲ ಮುಳ್ಳುಬೇಲಿ ಇದ್ದ ಮೇಲೆ ಬೇಲಿ ದಾಟಿಸಿ ಕಾಸು ಎಣಿಸುವವರು ಹುಟ್ಟಲೇಬೇಕು. ಪಿಎಸ್‌ಟಿಯಿಂದ ಎಂಬಾಕ್ಸಿಗೆ, ಎಂಬಾಕ್ಸಿನಿಂದ ಪಿಎಸ್‌ಟಿಗೆ, ಎರಡೂ ಕಡೆಯವರಿಂದ ವಸೂಲಿ ಮಾಡುವ ಪರಿವರ್ತಕಗಳು ಸಾಲುಗಟ್ಟಿ ನಿಂತಿವೆ. ಉಚಿತ ಡೆಮೊದಲ್ಲಿ ನಿಮ್ಮ ಪತ್ರಗಳೆಲ್ಲ ಗಾಜಿನ ಹಿಂದೆ ಅಚ್ಚುಕಟ್ಟಾಗಿ ಕಾಣುತ್ತವೆ. ಹೊರಗೆ ಬಿಡುವುದು ಫೋಲ್ಡರಿಗೆ ಹತ್ತೋ ಇಪ್ಪತ್ತೈದೋ. ಮಿಕ್ಕವು ಬೇಕೆಂದರೆ ಹಣ ಕಟ್ಟಿ. ಕಟ್ಟಿದ ಮೇಲೆ ಚಿಂತೆಯಿಲ್ಲ, ಲೈಸೆನ್ಸ್ ಕೀಯನ್ನು ಇಮೇಲ್ ಮಾಡುತ್ತಾರೆ.