ಟೈ ಕಟ್ಟಿಕೊಂಡು ಮೀನು ಹಿಡಿದವರು

ಅಮೆರಿಕದ 31ನೆಯ ಅಧ್ಯಕ್ಷ ಹರ್ಬರ್ಟ್ ಹೂವರ್ ಮೀನು ಹಿಡಿಯಲು ಹೊಳೆಗಿಳಿಯುವಾಗಲೂ ಟೈ ಕಟ್ಟಿಕೊಳ್ಳುತ್ತಿದ್ದರು. ಹಳೆಯ ಫೋಟೊಗಳಲ್ಲಿ ಸೊಂಟದ ಕೆಳಗೆ ರಬ್ಬರ್ ಬೂಟು, ಮೇಲೆ ಆಫೀಸಿನ ಗಾಂಭೀರ್ಯ. ಅವರು ಬೆನ್ನುಹತ್ತಿದ್ದ ಬ್ರುಕ್ ಟ್ರೌಟ್ ಆದರೋ, ಆ ಬೆಟ್ಟದ ತೊರೆಗಳಲ್ಲಿ ಗೇಣುದ್ದ ಬೆಳೆದರೆ ದೊಡ್ಡ ಮೀನು. ಮೀನನ್ನು ಬುಟ್ಟಿಯ ಲೆಕ್ಕದಲ್ಲೇ ನೋಡಿ ಬೆಳೆದ ಕರಾವಳಿಯವನಾದ ನನಗೆ ಇದು ಮೊದಲು ನಗು ತರಿಸಿತು, ಆಮೇಲೆ ಕುತೂಹಲ.

ಅಧ್ಯಕ್ಷರಾದ ವರ್ಷವೇ, 1929ರಲ್ಲಿ, ಹೂವರ್ ವಾರಾಂತ್ಯಕ್ಕೊಂದು ತಾವು ಹುಡುಕಿಸಿದರು. ವಾಷಿಂಗ್ಟನ್ನಿನಿಂದ ನೂರು ಮೈಲಿಯೊಳಗಿರಬೇಕು, ಸೊಳ್ಳೆ ಹತ್ತಿ ಬರಲಾರದಷ್ಟು ಎತ್ತರದಲ್ಲಿರಬೇಕು, ಪಕ್ಕದಲ್ಲಿ ಟ್ರೌಟ್ ಇರುವ ಹೊಳೆ ಹರಿಯಬೇಕು. ವರ್ಜೀನಿಯಾದ ಬ್ಲೂ ರಿಜ್ ಬೆಟ್ಟಗಳಲ್ಲಿ ಮಿಲ್ ಪ್ರಾಂಗ್, ಲಾರೆಲ್ ಪ್ರಾಂಗ್ ಎಂಬೆರಡು ತೊರೆಗಳು ಕೂಡಿ ರಾಪಿಡಾನ್ ನದಿಯಾಗುವಲ್ಲಿ ಅಂಥ ಜಾಗ ಸಿಕ್ಕಿತು. ದುಡ್ಡು ಹೂವರರದು, ಮೈಮುರಿದು ಕಟ್ಟಿದವರು ಮರೀನ್ ಸೈನಿಕರು. ಶ್ವೇತಭವನದವರು ಬಂದು ಮಲಗುವ ಈ ಮರದ ಮನೆಗೆ 'ಬ್ರೌನ್ ಹೌಸ್' ಎಂದು ಹೆಸರಾಯಿತು. ಆ ಅಕ್ಟೋಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ಬಂದರು. ಇಬ್ಬರೂ ಹೊಳೆ ಬದಿಯ ದಿಮ್ಮಿಯ ಮೇಲೆ ಕೂತು ಯುದ್ಧನೌಕೆಗಳನ್ನು ಕಡಿಮೆ ಮಾಡುವ ಮಾತಾಡಿದರು. ಅದೇ ತಿಂಗಳ ಕೊನೆಗೆ ನ್ಯೂಯಾರ್ಕಿನ ಷೇರುಪೇಟೆ ಮುಳುಗಿತು. ಪ್ರಾರ್ಥನೆಗೆ ಕೂತಾಗ ಮತ್ತು ಮೀನಿಗೆ ನಿಂತಾಗ ಮಾತ್ರ ಜನ ಅಧ್ಯಕ್ಷನನ್ನು ಅವನ ಪಾಡಿಗೆ ಬಿಡುತ್ತಾರೆ ಎಂಬುದು ಹೂವರರ ವಾದ. ಮುಂದಿನ ವರ್ಷಗಳಲ್ಲಿ ಅವರಿಗೆ ಎರಡರ ಅಗತ್ಯವೂ ಬಿತ್ತು.

ರಾಪಿಡಾನ್ ನನಗೆ ಪರಿಚಯವಾದದ್ದು ಸೋದರಳಿಯನ ದೆಸೆಯಿಂದ. ವಾರವೆಲ್ಲ ಕಂಪ್ಯೂಟರಿನ ಮುಂದಿರುವ ಈ ಹುಡುಗ ಶನಿವಾರ ಫ್ಲೈ ಫಿಶಿಂಗಿಗೆ ಹೋಗುತ್ತಾನೆ. ನಮ್ಮೂರಿನ ಗಾಳಕ್ಕೆ ಎರೆಹುಳ ಸಾಕು, ತೂಕದ ಕಲ್ಲೊಂದು ಅದನ್ನು ದೂರ ಎಸೆಯುತ್ತದೆ. ಇಲ್ಲಿ ಕೊಕ್ಕೆಗೆ ಕಟ್ಟಿದ ಗರಿ-ನೂಲಿನ ಕೀಟಕ್ಕೆ ತೂಕವೇ ಇಲ್ಲ. ಆದ್ದರಿಂದ ದಾರಕ್ಕೇ ತೂಕ ಕೊಟ್ಟು, ಅದನ್ನು ತಲೆಯ ಮೇಲೆ ಹಿಂದೆ ಮುಂದೆ ಬೀಸಿ, ಹಗುರಾಗಿ ನೀರಿಗಿಳಿಸಬೇಕು. ಇಳಿದ ಫ್ಲೈ ನೀರಿನ ವೇಗದಲ್ಲೇ ತೇಲಬೇಕು, ದಾರ ಎಳೆದು ತುಸು ಓರೆಯಾಗಿ ಸರಿದರೂ ಮೀನಿಗೆ ಗುಟ್ಟು ಗೊತ್ತಾಗುತ್ತದೆ. ಮೀನು ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುವುದರಿಂದ ನಾವು ಕೆಳಗಿನಿಂದ, ಬೆನ್ನ ಹಿಂದೆ, ಬಗ್ಗಿಕೊಂಡು ಬರಬೇಕು. ಸಾಲಗಾರನ ಕಣ್ಣು ತಪ್ಪಿಸಿ ಓಡಾಡಿದವರಿಗೆ ಈ ವಿದ್ಯೆ ಬೇಗ ಕೈಗೂಡೀತು.

ಅಳಿಯನ ಡಬ್ಬಿಗಳಲ್ಲಿ ಫ್ಲೈಗಳು ಸಾಲಾಗಿ ಕೂತಿರುತ್ತವೆ. 1922ರಲ್ಲಿ ಮಿಷಿಗನ್ನಿನಲ್ಲಿ ಹುಟ್ಟಿದ 'ಆಡಮ್ಸ್', ಈ ನದಿಯದೇ ಹೆಸರು ಹೊತ್ತ 'ಮಿಸ್ಟರ್ ರಾಪಿಡಾನ್', ಇನ್ನೂ ಯಾರ್ಯಾರೋ. ಇವುಗಳಲ್ಲಿ ಅನೇಕವು ಮೇಫ್ಲೈ ಎಂಬ ಕೀಟದ ನಕಲು. ಅದು ಬಹುಕಾಲ ನೀರಿನಡಿ ಮರಿಯಾಗಿದ್ದು, ರೆಕ್ಕೆ ಬಂದ ಮೇಲೆ ಒಂದೆರಡು ದಿನ ಬದುಕುತ್ತದೆ. ಆಗ ಅದಕ್ಕೆ ಉಣ್ಣಲು ಬಾಯಿಯೂ ಇರುವುದಿಲ್ಲ. ಆದರೆ ಬಡ ತೊರೆಯ ಬ್ರುಕ್ ಟ್ರೌಟಿಗೆ ಈ ಸೂಕ್ಷ್ಮಗಳಾವುವೂ ಬೇಡ. ಆಹಾರ ಕಡಿಮೆ, ಆಯುಸ್ಸು ಮೂರು ನಾಲ್ಕು ವರ್ಷ. ತೇಲಿಬಂದದ್ದಕ್ಕೆ ಬಾಯಿ ಹಾಕಿ, ಆಮೇಲೆ ವಿಚಾರ ಮಾಡುವ ಜಾತಿ. ಅಷ್ಟು ಬಗೆಯ ಫ್ಲೈ ಬೇಕಿರುವುದು ಮೀನಿಗಲ್ಲ, ಅಳಿಯನಿಗೆ. ಇದನ್ನು ಅವನಿಗೆ ಹೇಳಿಲ್ಲ, ಕಾರು ಓಡಿಸುವವನು ಅವನೇ.

ಗರಿಯ ಹುಚ್ಚು ಹಳೆಯದು. ಮ್ಯಾಸಿಡೋನಿಯಾದ ಜನ ಕೆಂಪು ಉಣ್ಣೆಗೆ ಹುಂಜದ ಗರಿ ಕಟ್ಟಿ ಮೀನನ್ನು ಮರುಳು ಮಾಡುತ್ತಿದ್ದುದನ್ನು ಈಲಿಯನ್ ಎಂಬ ರೋಮನ್ ಲೇಖಕ ಸುಮಾರು 1800 ವರ್ಷಗಳ ಹಿಂದೆಯೇ ಬರೆದಿಟ್ಟ. ವಿಕ್ಟೋರಿಯಾ ರಾಣಿಯ ಕಾಲಕ್ಕೆ ಈ ಹುಚ್ಚು ನಮ್ಮ ಮಲೆನಾಡಿಗೂ ಕೈಚಾಚಿತು. ಘಟ್ಟದ ಕಾಡುಕೋಳಿ ಹುಂಜದ ಕುತ್ತಿಗೆಯಲ್ಲಿ ಮೇಣದ ಹೊಳಪಿನ ಚುಕ್ಕೆಯ ಗರಿಗಳಿವೆಯಲ್ಲ, ಸಾಲ್ಮನ್ ಮೀನಿನ ಫ್ಲೈಗೆ ಅವಿಲ್ಲದೆ ಶೋಭೆಯಿಲ್ಲ ಎಂದಾಯಿತು. ಸ್ಕಾಟ್ಲೆಂಡಿನ ಮೀನಿಗೆ ನಮ್ಮ ಕಾಡುಕೋಳಿಯ ಗುರುತು ಎಲ್ಲಿಂದ ಬರಬೇಕು? ಆದರೂ ಕೋಳಿಗಳು ಸತ್ತವು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಗೆ ಕಾನೂನಿನ ತಡೆ ಬಿತ್ತು.

ಅಳಿಯನ ಬೆನ್ನ ಚೀಲದಲ್ಲಿ ಥರ್ಮಾಮೀಟರೂ ಇರುತ್ತದೆ. ದಡಕ್ಕೆ ಬಂದವನು ಮೊದಲು, ಮಗುವಿಗೆ ಜ್ವರ ನೋಡುವ ತಾಯಿಯ ಹಾಗೆ, ಹೊಳೆಯ ಕಾವು ನೋಡುತ್ತಾನೆ. 20 ಡಿಗ್ರಿ ದಾಟಿದರೆ ಈ ಮೀನಿಗೆ ಸಂಕಟ, ಅಂದು ದಾರ ಬಿಚ್ಚುವುದಿಲ್ಲ. ಏಷ್ಯಾದಿಂದ ಬಂದ ಬಿಳಿ ಉಣ್ಣೆಯ ಹೇನೊಂದು ಹೊಳೆಗಳಿಗೆ ನೆರಳಾಗಿದ್ದ ಹೆಮ್ಲಾಕ್ ಮರಗಳನ್ನು ಒಣಗಿಸಿಬಿಟ್ಟಿದೆ. ಮರಗಳಿಗಿಂತ ಮೊದಲು ಹೋದವರು ಜನ. ಸುತ್ತಿನ ಮಕ್ಕಳಿಗೆ ಶಾಲೆಯಿಲ್ಲವೆಂದು ತಿಳಿದು ಹೂವರ್ 1930ರಲ್ಲಿ ಒಂದನ್ನು ಕಟ್ಟಿಸಿದ್ದರು. ಐದೇ ವರ್ಷದಲ್ಲಿ ಆ ಬೆಟ್ಟಗಳು ಶೆನಂಡೋವಾ ರಾಷ್ಟ್ರೀಯ ಉದ್ಯಾನವಾದವು, ನೂರಾರು ಬೆಟ್ಟದ ಕುಟುಂಬಗಳು ಗಂಟುಮೂಟೆ ಕಟ್ಟಿದವು. ಮೀನಿಗೆ ಮಾತ್ರ ಒಕ್ಕಲೆಬ್ಬಿಸುವ ನೋಟಿಸು ಬರಲಿಲ್ಲ.

ಕೊನೆಗೊಂದು ಸಿಕ್ಕಿತು. ಒಣಗೈ ತಗುಲಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ರೋಗ ಹತ್ತುತ್ತದೆಂದು ಅಳಿಯ ಕೈ ನೆನೆಸಿಕೊಂಡು ಅದನ್ನು ನೀರಿನಿಂದ ತುಸುವೇ ಎತ್ತಿದ. ಬೆನ್ನ ಮೇಲೆ ಹುಳು ಹರಿದ ಗೆರೆಗಳು, ಪಕ್ಕೆಯಲ್ಲಿ ನೀಲಿ ಉಂಗುರದೊಳಗೆ ಕೆಂಪು ಚುಕ್ಕೆ, ಕಿತ್ತಳೆ ರೆಕ್ಕೆಗೆ ಬಿಳಿ ಅಂಚು. ನಾನು ನೋಡಿದ ಮೀನುಗಳಲ್ಲಿ ಇಷ್ಟು ಅಲಂಕಾರ ಮಾಡಿಕೊಂಡದ್ದು ಇನ್ನೊಂದಿಲ್ಲ. ಬಾಯಲ್ಲಿ ನೀರೂರಿತು ಎಂದರೆ ಅಲ್ಲಿನವರು ಜೈಲಿಗೆ ಹಾಕಿಯಾರು, ಸುಮ್ಮನಿದ್ದೆ. ಆ ಹೊಳೆಯಲ್ಲಿ ಹಿಡಿದದ್ದನ್ನು ಬಿಡಲೇಬೇಕೆಂಬುದು ಕಾನೂನು. ಬಿಟ್ಟ.

ಸಂಜೆ ಮನೆಗೆ ಬಂದಾಗ ಅವನ ಹೆಂಡತಿ ಕೇಳಿದಳು, "ಸಿಕ್ಕಿತಾ?"

"ಚೆನ್ನಾಗಿ ಸಿಕ್ಕವು."

"ಎಲ್ಲಿವೆ?"

"ಹೊಳೆಯಲ್ಲಿ."

ಅವಳಿಗೆ ಇದೇನೂ ಹೊಸದಲ್ಲ. ಇಂಡಿಯನ್ ಅಂಗಡಿಯಿಂದ ತಂದ ಬಂಗುಡೆಯನ್ನು ಫ್ರೀಜರಿನಿಂದ ಬೆಳಿಗ್ಗೆಯೇ ತೆಗೆದಿಟ್ಟಿದ್ದಳು.